ನಲವತ್ತು ಮಿಲಿಮೀಟರ್

ಗಾಜಿನಲ್ಲಿ ತೂತು ಕೊರೆಯುವುದು ಇಪ್ಪತ್ತು ನಿಮಿಷದ ಕೆಲಸ ಎಂಬ ಮಾತನ್ನು ಟೇಪಣ್ಣನ ಎದುರು ಆಡಬಾರದು. ಆಡಿದವರಿದ್ದಾರೆ. ಅವರಲ್ಲಿ ಅರ್ಧ ಜನ ಒಡೆದ ಕಿಟಕಿಗೆ ರಟ್ಟು ಅಂಟಿಸಿಕೊಂಡು ಕೂತಿದ್ದಾರೆ, ಇನ್ನರ್ಧ ಜನ ಅವನ ಅಂಗಡಿ ಬಂದಾಗ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾರೆ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಬೀದಿಯವರು ಹೇಳುತ್ತಾರೆ. ಅದು ಸುಳ್ಳು. ಅವನ ಕೋಪ ಮೂಗಿಗಿಂತ ಮುಂದಿದೆ, ಅಂಗಡಿಯ ಬಾಗಿಲಲ್ಲೇ ನಿಂತು ಗಿರಾಕಿಯನ್ನು ಎದುರುಗೊಳ್ಳುತ್ತದೆ.

ಸೊಂಟದಲ್ಲಿ ಅಳತೆಯ ಟೇಪಿಲ್ಲದೆ ಅವನನ್ನು ಕಂಡವರಿಲ್ಲ. ಹೆಸರು ಬಂದದ್ದು ಹಾಗೆ. ಐವತ್ತೆಂಟು ವರ್ಷ, ಅದರಲ್ಲಿ ಮೂವತ್ತೈದು ವರ್ಷ ಗಾಜಿನ ಅಂಗಡಿ. ಯಾವ ಕಿಟಕಿಯೇ ಆಗಲಿ, ಬಾಗಿಲೇ ಆಗಲಿ, ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಅಳೆಯುತ್ತಾನೆ. ಅದೂ ಮಿಲಿಮೀಟರಿನಲ್ಲಿ. ಅಳತೆಯನ್ನು ಕಾಗದದ ಮೇಲೆ ಬರೆಯುವುದಿಲ್ಲ, ಕತ್ತರಿಸಿ ಉಳಿದ ಗಾಜಿನ ಪಟ್ಟಿಯ ಮೇಲೆ ಮಾರ್ಕರಿನಿಂದ ಬರೆಯುತ್ತಾನೆ. ಕಾಗದ ಜೇಬಿನಲ್ಲಿ ಮುದುಡುತ್ತದೆ, ಗಾಜು ಜೋಪಾನವಾಗಿರುವುದನ್ನು ಕಲಿಸುತ್ತದೆ ಎಂಬುದು ಅವನ ವಾದ. "ನಮ್ಮನೆಯವ್ರು ಮಲಗೋವಾಗ್ಲೂ ಟೇಪ್ ಬಿಚ್ಚಲ್ಲ, ಮಂಚ ರಾತ್ರೋರಾತ್ರಿ ಉದ್ದ ಆಗಿಬಿಟ್ರೆ ಅಂತ ಭಯ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಅವನು ನಗುವುದಿಲ್ಲ. ನಗುವಂಥದ್ದು ಅದರಲ್ಲೇನಿದೆ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಅಳತೆಯ ಈ ಹುಚ್ಚು ಹಿಡಿಸಿದವರು ಆರನೇ ಕ್ಲಾಸಿನ ಲೆಕ್ಕದ ಟೀಚರಮ್ಮ. ಆಗ ಅವರಿಗೆ ಇಪ್ಪತ್ತೈದು ತುಂಬಿರಲಿಲ್ಲ, ಧ್ವನಿ ಮಾತ್ರ ಹೆಡ್ ಮಾಸ್ಟರದ್ದಕ್ಕಿಂತ ದೊಡ್ಡದು. ಒಂದು ದಿನ ಪೆನ್ಸಿಲಿನ ಉದ್ದ ಅಳೆಯಲು ಕೊಟ್ಟರು. ಹುಡುಗ ಮರದ ಸ್ಕೇಲಿನ ಅಂಚಿಗೆ ಪೆನ್ಸಿಲ್ ಹಿಡಿದು ಅಳೆದ. ಸೊನ್ನೆಯ ಗೆರೆ ಇದ್ದದ್ದು ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ. ಟೀಚರಮ್ಮ ಬಂದು ತಲೆಗೊಂದು ಮೊಟಕಿ, "ಅಂಚಿನಿಂದ ಅಲ್ಲ ಕಣೋ, ಸೊನ್ನೆಯಿಂದ. ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಿಲ್ದೋನು ಎಷ್ಟು ಅಳೆದ್ರೂ ಅಷ್ಟೆ" ಎಂದರು. ಆ ಮೊಟಕು ಅವನ ತಲೆಯಿಂದ ಇಳಿಯಲೇ ಇಲ್ಲ.

ಅಂಥ ಟೀಚರಮ್ಮನ ಮನೆಯಿಂದ ಒಂದು ಗುರುವಾರ ಬೆಳಗ್ಗೆ ಅವರ ಮಗಳು ಅಂಗಡಿಗೆ ಬಂದಳು. ನಲವತ್ತರ ಹೆಂಗಸು, ಆಫೀಸಿಗೆ ಹೊರಟವಳು, ಕಣ್ಣು ಕೆಂಪಾಗಿತ್ತು.

"ಅಣ್ಣಾ, ಹಿಂದಿನ ಗಾಜಿನ ಬಾಗಿಲಲ್ಲಿ ನಾಯಿ ಓಡಾಡೋಕೆ ಒಂದು ಕಿಂಡಿ ಆಗ್ಬೇಕು. ಭಾನುವಾರದೊಳಗೆ."

"ಭಾನುವಾರ ಯಾಕಮ್ಮ, ಇವತ್ತು ಮಧ್ಯಾಹ್ನದೊಳಗೆ ಬೇಡ್ವಾ?" ಎಂದು ಟೇಪಣ್ಣ ಶುರು ಹಚ್ಚಿಕೊಂಡ. ಅವಳು ಅತ್ತೇ ಬಿಟ್ಟಳು. ಅಳುವವರ ಮುಂದೆ ಟೇಪಣ್ಣನ ಕೋಪಕ್ಕೆ ಕಾಲು ನಿಲ್ಲುವುದಿಲ್ಲ. ಸ್ಟೂಲು ಎಳೆದು ಕೂರಿಸಿ ವಿಷಯ ಕೇಳಿದ.

ವಿಷಯ ಇಷ್ಟು. ಟೀಚರಮ್ಮನಿಗೆ ಒಂದು ನಾಯಿ. ಅವರು ರಿಟೈರಾದ ವರ್ಷ ಪಠ್ಯಪುಸ್ತಕದ ರಟ್ಟಿನ ಡಬ್ಬದಲ್ಲಿ ಬಂದದ್ದು, ಈಗ ಹನ್ನೊಂದು ವರ್ಷ. ಹೊಟ್ಟೆಯ ಗಾತ್ರ ನೋಡಿ ಅದನ್ನು ಗುಡಾಣ ಎಂದು ಕರೆಯುತ್ತಾರೆ. ಮುದಿಯಾದ ಮೇಲೆ ಗುಡಾಣನಿಗೆ ಗಂಟೆಗೊಮ್ಮೆ ಹಿತ್ತಲಿಗೆ ಹೋಗಬೇಕು, ಹೋಗಬೇಕೆನಿಸಿದಾಗ ಗಾಜನ್ನು ಪರಪರ ಕೆರೆಯುತ್ತದೆ. ಮೂರು ತಿಂಗಳ ಹಿಂದೆ ಬೆಳಗಿನ ಐದಕ್ಕೆ ಹಾಗೆ ಕೆರೆದಾಗ ಟೀಚರಮ್ಮ ಅವಸರದಲ್ಲಿ ಎದ್ದು ಬಂದು ಕಾಲೊರಸಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ಈಗ ವಾಕರ್ ಹಿಡಿದು ನಡೆಯುತ್ತಾರೆ. ಮಗಳು, ಅಳಿಯ ಇಬ್ಬರೂ ದುಡಿಯುವವರು. ದಿನವಿಡೀ ನಾಯಿಗೆ ಬಾಗಿಲು ತೆಗೆಯುವವರು ಯಾರು? ಬಾಗಿಲು ತೆರೆದೇ ಇಟ್ಟರೆ ಸೊಳ್ಳೆ, ಬೆಕ್ಕು, ಕಳ್ಳ ಮೂವರೂ ಬರುತ್ತಾರೆ. ಅಳಿಯ ತನ್ನ ಸ್ನೇಹಿತನ ಗೋಡೌನಿಗೆ ನಾಯಿಯನ್ನು ಕೊಡುವುದೆಂದು ತೀರ್ಮಾನ ಮಾಡಿದ್ದಾನೆ. ಭಾನುವಾರ ಗಾಡಿ ಬರುತ್ತದೆ. ಅಷ್ಟರೊಳಗೆ ನಾಯಿ ತಾನಾಗಿ ಹೋಗಿ ಬರುವ ದಾರಿಯಾದರೆ ಅದು ಉಳಿಯುತ್ತದೆ, ಇಲ್ಲವಾದರೆ ಇಲ್ಲ.

"ಹನ್ನೊಂದು ವರ್ಷದ ನಾಯೀನ ಗೋಡೌನಲ್ಲಿ ಕಟ್ಟಿ ಹಾಕ್ತಾರಾ?" ಟೇಪಣ್ಣನ ಪಿತ್ತ ನೆತ್ತಿಗೇರಿತು. ಅಳಿಯನನ್ನು ಇನ್ನೂ ನೋಡಿಯೇ ಇರಲಿಲ್ಲ, ಆಗಲೇ ಅವನ ಮೇಲೆ ಹಗೆ ಸಾಧಿಸಲು ತಯಾರಾದ.

ಸಂಜೆ ಚೀಲ ಹೆಗಲಿಗೇರಿಸಿ ಹೋದ. ಹಾಲಿನಿಂದ ಹಿತ್ತಲಿಗೆ ಜಾರುವ ಗಾಜಿನ ಬಾಗಿಲು, ಎರಡು ಭಾಗ. ಎಡಗಡೆಯದು ಕದಲದ ಗಾಜು, ಬಲಗಡೆಯದು ಹಳಿಯ ಮೇಲೆ ಸರಿಯುವಂಥದ್ದು. ಟೀಚರಮ್ಮ ಕುರ್ಚಿಯಲ್ಲಿ ಕೂತಿದ್ದರು, ಪರೀಕ್ಷೆಯ ಹಾಲಿನಲ್ಲಿ ಕೂರುತ್ತಿದ್ದ ಹಾಗೆಯೇ ನೇರವಾಗಿ. ಕಾಲ ಬಳಿ ಗುಡಾಣ ಬಿದ್ದುಕೊಂಡಿತ್ತು.

"ಏನೋ, ಬೊಜ್ಜು ಬಂದಿದೆಯಲ್ಲೋ ನಿಂಗೆ" ಎಂದರು ಟೀಚರಮ್ಮ. ಐವತ್ತೆಂಟರ ಟೇಪಣ್ಣ ಹೊಟ್ಟೆ ಒಳಗೆಳೆದುಕೊಂಡು ನಿಂತ.

ಅಳಿಯ ಮೊಬೈಲು ಮುಂದೆ ಹಿಡಿದ. "ನೋಡಿ, ಇದ್ರಲ್ಲಿ ಎಲ್ಲಾ ತೋರ್ಸಿದಾರೆ. ರೌಂಡಾಗಿ ಮಾರ್ಕ್ ಮಾಡೋದು, ಡ್ರಿಲ್ ಹಾಕೋದು, ಮುಗೀತು. ಇಪ್ಪತ್ತು ನಿಮಿಷ."

ಹೇಳಬಾರದ ಮಾತನ್ನು ಹೇಳಿಬಿಟ್ಟ. ಮಗಳು ಕಣ್ಣು ಮುಚ್ಚಿಕೊಂಡಳು.

"ಸ್ವಾಮಿ," ಎಂದ ಟೇಪಣ್ಣ, ಹಲ್ಲು ಕಚ್ಚಿಕೊಂಡು, "ಇದು ಟಫನ್ ಗಾಜು. ಮೂಲೆಯಲ್ಲಿ ಸೀಲ್ ಹಾಕಿದಾರೆ, ಓದ್ಕೊಳ್ಳಿ. ಕುಲುಮೇಲಿ ಕಾಯ್ಸಿ ತಟಕ್ಕನೆ ತಣ್ಣಗೆ ಮಾಡಿ ಬಿಗಿ ಮಾಡಿರೋದು. ತೂತು ಹೊಡೆಯೋದಿದ್ರೆ ಕುಲುಮೆಗೆ ಹೋಗೋಕೆ ಮುಂಚೆ ಹೊಡೀಬೇಕು. ಆಮೇಲೆ ಅದರ ಮೈ ಮುಟ್ಟಿದ್ರೆ ಪೂರ್ತಿ ಪುಡಿ."

"ವಿಡಿಯೋದಲ್ಲಿ ಮಾಡಿದಾನಲ್ರೀ."

"ವಿಡಿಯೋದಲ್ಲಿ ಅವನ ಗಾಜು, ಅವನ ಮನೆ. ಇಲ್ಲಿ ಕೂತಿರೋದು ನಮ್ಮ ಟೀಚರು."

"ಆಗದಿದ್ರೆ ಆಗಲ್ಲ ಅಂತ ಒಪ್ಕೊಳ್ಳಿ, ಕೆಲಸ ಬರದಿದ್ರೆ ಗಾಜಿನ ಮೇಲೆ ಯಾಕೆ ಹೇಳ್ತೀರಿ?" ಎಂದ ಅಳಿಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೇರೆ ಮೆಲ್ಲಗೆ ಸೇರಿಸಿದ.

ಮೂವತ್ತೈದು ವರ್ಷದ ಕೈಗೆ ಈ ಮಾತು! ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಗಾಜು ಬರೆದ ಗೆರೆಗಳಿರುವ ಕೈಗೆ, ಮೊಬೈಲು ಉಜ್ಜಿ ಉಜ್ಜಿ ನುಣುಪಾದ ಕೈಯವನ ಮಾತು! ಟೇಪಣ್ಣ ಹೊರಗೆ ಹೋಗಿ ತನ್ನ ಗಾಡಿಯಲ್ಲಿ ಬಿದ್ದಿದ್ದ ಹಳೆಯ ಕಾರಿನ ಬಾಗಿಲ ಗಾಜು ತಂದ. ಅದೂ ಟಫನ್ ಗಾಜೇ. ಹಿತ್ತಲಲ್ಲಿ ಗೋಣಿಚೀಲದೊಳಗೆ ಇಟ್ಟು, ಮೊನೆಯ ಉಳಿಯನ್ನು ಅಂಚಿಗೆ ಹಿಡಿದು ಸಣ್ಣ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟ. ಢಂ ಎಂದಿತು. ಅಳಿಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದ, ಗುಡಾಣ ಸೋಫಾದ ಕೆಳಗೆ ಹೊಕ್ಕು ಅರ್ಧಕ್ಕೆ ಸಿಕ್ಕಿಕೊಂಡಿತು. ಟೇಪಣ್ಣ ಚೀಲವನ್ನು ತಲೆಕೆಳಗು ಮಾಡಿ ಸುರಿದ. ಇಡೀ ಗಾಜಿನಲ್ಲಿ ಬೆರಳಗಲದ ಒಂದು ತುಂಡೂ ಉಳಿದಿರಲಿಲ್ಲ, ಎಲ್ಲ ಹರಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಕೆಲವ್ರಿಗೆ ಒಡೆದೇ ತೋರಿಸ್ಬೇಕು" ಎಂದ.

"ಲೆಕ್ಕ ಬಿಡಿಸಿ ತೋರಿಸಿದಾನೆ, ಇನ್ನು ಸುಮ್ನಿರಪ್ಪ" ಎಂದು ಟೀಚರಮ್ಮ ಅಳಿಯನಿಗೆ ಹೇಳಿದರು. ಟೇಪಣ್ಣನಿಗೆ ಆರನೇ ಕ್ಲಾಸಿನಲ್ಲಿ ಸಿಗದ ಮಾರ್ಕು ಈಗ ಸಿಕ್ಕ ಹಾಗಾಯಿತು.

ಉಪಾಯ ಅವನೇ ಹೇಳಿದ. ಗಾಜಿನ ಗೊಡವೆಗೇ ಹೋಗುವುದಿಲ್ಲ. ಬಾಗಿಲು ಬಂದು ಕೂಡುವ ಚೌಕಟ್ಟಿನ ಪಕ್ಕದಲ್ಲಿ, ಅದೇ ಹಳಿಯ ಮೇಲೆ, ಅಲ್ಯೂಮಿನಿಯಂ ಚೌಕಟ್ಟಿನ, ಬಾಗಿಲಷ್ಟೇ ಎತ್ತರದ ಒಂದು ಕಿರಿದಾದ ಪಟ್ಟಿ ನಿಲ್ಲಿಸುವುದು. ಮೇಲೆ ಗಾಜು, ಕೆಳಗೆ ನಾಯಿ ತಳ್ಳಿಕೊಂಡು ಹೋಗಿ ಬರುವ ತೂಗು ರಬ್ಬರ್ ರೆಕ್ಕೆ. ಬಾಗಿಲು ಇನ್ನು ಮೇಲೆ ಆ ಪಟ್ಟಿಗೆ ಬಂದು ಕೂಡುತ್ತದೆ, ಹೊಸ ಚಿಲಕ ಅಲ್ಲಿಗೇ. ಮೂರು ದಿನದಲ್ಲಿ ಆಗುವ ಕೆಲಸ ಇದೊಂದೇ.

ಆಮೇಲೆ ಅಳತೆ ಶುರುವಾಯಿತು. ಅದನ್ನು ನೋಡಲು ಜನ ಕಾಸು ಕೊಟ್ಟು ಬರಬಹುದಿತ್ತು. ಹಳಿಗೆ ಅಡ್ಡವಾಗಿ ಒಂದು ಇಳಿಜಾರು ಹಲಗೆ ಇತ್ತು, ಅದನ್ನು ಕಿತ್ತು ಗೋಡೆಗೆ ಒರಗಿಸಿದ. ಚೀಲವನ್ನು ಎಲ್ಲಿಡುವುದೆಂದು ನೋಡಿ ಪಕ್ಕದಲ್ಲಿದ್ದ ವಾಕರಿನ ಹಿಡಿಗೆ ನೇತುಹಾಕಿದ. ಬಾಗಿಲು ತೆರೆದಾಗ ಸಿಗುವ ಜಾಗ ಮೇಲೆ ಎಂಟುನೂರ ಇಪ್ಪತ್ನಾಲ್ಕು, ನಡುವೆ ಎಂಟುನೂರ ಇಪ್ಪತ್ತೆರಡು, ಕೆಳಗೆ ಎಂಟುನೂರ ಇಪ್ಪತ್ತು. "ಕಟ್ಟಿದೋನು ಯಾವನೋ! ನಾಲ್ಕು ಮಿಲಿಮೀಟರ್ ಡೊಂಕು!" ಎಂದು ಕಾಣದ ಗಾರೆಯವನ ವಂಶವನ್ನೆಲ್ಲ ಬೈದ. ನಾಯಿಯ ಭುಜ ಅಳೆದ, ಹೊಟ್ಟೆ ಅಳೆದ, ನಿಂತಾಗ ಅಳೆದ, ತಿಂದ ಮೇಲೆ ಉಬ್ಬುವ ಹೊಟ್ಟೆಗೆಂದು ಬಿಸ್ಕತ್ತು ತಿನ್ನಿಸಿ ಮತ್ತೆ ಅಳೆದ. ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಗುಡಾಣನನ್ನು ಅದರಲ್ಲಿ ನಾಲ್ಕು ಸಲ ನುಗ್ಗಿಸಿದ. ಅಳೆದೂ ಸುರಿದೂ ಕೊನೆಗೆ ಎಲ್ಲರಿಗೂ ಕೇಳುವಂತೆ ಓದಿ ಹೇಳಿ ಗಾಜಿನ ಪಟ್ಟಿಯ ಮೇಲೆ ಬರೆದ: ಬಾಗಿಲು ಎಂಟುನೂರ ಇಪ್ಪತ್ತು, ಪಟ್ಟಿ ಇನ್ನೂರ ಎಂಬತ್ತು, ನಾಯಿಯ ಕಿಂಡಿ ಇನ್ನೂರ ಮೂವತ್ತು.

"ಎಲ್ಲಾ ಅಳೆದ್ಯಾ?" ಎಂದು ಟೀಚರಮ್ಮ ಕೇಳಿದರು.

"ಎಲ್ಲಾ ಅಳೆದೆ ಟೀಚರ್."

ಅವರು ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದರು. "ಆ ಟೇಪು ಇಲ್ಲಿ ಕೊಡು. ಗುಡಾಣನ ಕೊರಳಿಗೆ ಹೊಸ ಪಟ್ಟಿ ತರಿಸ್ಬೇಕು."

ಸ್ಟೀಲಿನ ಟೇಪಿನಲ್ಲಿ ನಾಯಿಯ ಕೊರಳು ಅಳೆಯುವುದುಂಟೇ? ಬೇರೆ ಯಾರಾದರೂ ಕೇಳಿದ್ದರೆ ಟೇಪಣ್ಣ ಅಲ್ಲೇ ಪಾಠ ಮಾಡುತ್ತಿದ್ದ. ಟೀಚರಿಗೆ ಎದುರು ಮಾತಾಡುವುದು ಹೇಗೆ? ಟೇಪು ಕೊಟ್ಟು ಹಿತ್ತಲಿನ ಹರಳು ಗುಡಿಸಲು ಹೋದ. ಬರುವಷ್ಟರಲ್ಲಿ ಟೇಪು ಸುತ್ತಿಟ್ಟಿತ್ತು, ಟೀಚರಮ್ಮ ಕನ್ನಡಕದ ಡಬ್ಬಿ ಮುಚ್ಚುತ್ತಿದ್ದರು. ಅವನು ವಾಕರಿನಿಂದ ಚೀಲ ತೆಗೆದುಕೊಂಡು ಮನೆಗೆ ಹೊರಟ.

ಶುಕ್ರವಾರವೆಲ್ಲ ಅಂಗಡಿಯ ಬಾಗಿಲು ಅರ್ಧ ಎಳೆದು ಪಟ್ಟಿ ಮಾಡಿದ. ಬೇರೆ ಗಿರಾಕಿಗಳನ್ನು ಬೈದು ಅಟ್ಟಿದ. ಮಧ್ಯಾಹ್ನ ಬುತ್ತಿ ತಂದ ಹೆಂಡತಿ, "ನಮ್ಮ ಬಚ್ಚಲ ಕಿಟಕಿ ಒಡೆದು ಎರಡು ವರ್ಷ ಆಯ್ತು, ಅದಕ್ಕಿಲ್ಲದ ಅವಸರ ನಾಯಿಗೆ" ಎಂದಳು. "ಬಚ್ಚಲ ಕಿಟಕೀನ ಯಾರೂ ಗೋಡೌನಿಗೆ ಕಳಿಸ್ತಿಲ್ಲ" ಎಂದ. ಮೂಲೆಗಳನ್ನು ಅರದಿಂದ ಉಜ್ಜಿ, ನಾಯಿಯ ಬೆನ್ನು ತರಚದ ಹಾಗೆ ಕಿಂಡಿಯ ಸುತ್ತ ರಬ್ಬರ್ ಹೊದಿಸಿದ.

ಶನಿವಾರ ಬೆಳಗ್ಗೆ ಹಾಕಿದ. ಪಟ್ಟಿ ಹಳಿಯಲ್ಲಿ ಕೂತಾಗ ಕೂದಲು ತೂರುವಷ್ಟೂ ಸಂದು ಇರಲಿಲ್ಲ. ಗಾರೆಯವನ ನಾಲ್ಕು ಮಿಲಿಮೀಟರ್ ಡೊಂಕನ್ನು ಕೂಡ ಪಟ್ಟಿಯೇ ನುಂಗಿಕೊಂಡಿತ್ತು. ಚಿಲಕ ಟಕ್ಕೆಂದು ಬಿತ್ತು. ಕಳ್ಳ ಈ ಕಿಂಡಿಯಿಂದ ಬಂದರೆ ಎಂದು ಅಳಿಯ ಕೇಳಿದ. "ಈ ಕಿಂಡೀಲಿ ತೂರೋ ಕಳ್ಳ ಬಂದ್ರೆ ಅವನಿಗೆ ಊಟ ಹಾಕಿ ಕಳಿಸಿ, ಪಾಪ" ಎಂದ ಟೇಪಣ್ಣ. ಮಗಳು ಹೊರಗೆ ನಿಂತು ಬಿಸ್ಕತ್ತು ತೋರಿಸಿದಳು. ಗುಡಾಣ ರೆಕ್ಕೆಯನ್ನು ಮೂಸಿತು, ಬೊಗಳಿತು, ಹಿಂದೆ ಸರಿಯಿತು, ಕೊನೆಗೆ ಹೊಟ್ಟೆಯ ಮಾತು ಕೇಳಿ ತಲೆ ತೂರಿಸಿತು. ಹೊರಗೆ ಹೋಯಿತು, ಒಳಗೆ ಬಂತು, ಇನ್ನೊಂದು ಬಿಸ್ಕತ್ತಿಗೆ ಮತ್ತೆ ಹೋಯಿತು. ಟೀಚರಮ್ಮ ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನೀರಿತ್ತು.

"ಅಮ್ಮ, ನೀನೂ ಹೊರಗೆ ಬಾ. ಅದರ ಜೊತೆ ಒಂದು ಸುತ್ತು ಹಾಕು" ಎಂದಳು ಮಗಳು.

"ಬೇಡ ಕಣೆ, ಬಿಸಿಲು."

"ಮೋಡ ಇದೆಯಲ್ಲಮ್ಮ."

"ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತೆ."

ಟೇಪಣ್ಣ ಅಷ್ಟರಲ್ಲಿ ಸಾಮಾನು ಜೋಡಿಸಿಕೊಂಡು, ತಾನು ಕಿತ್ತ ಹಲಗೆಯನ್ನು ಮತ್ತೆ ಹಳಿಯ ಮೇಲೆ ಇಡಲು ಹೋದ. ಹಲಗೆ ಕೂರಲಿಲ್ಲ. ಓರೆ ಮಾಡಿದ, ತಿರುಗಿಸಿದ, ಎಡದ ತುದಿ ಬಾಗಿಲಿಗೆ ತಾಗಿದರೆ ಬಲದ ತುದಿ ಪಟ್ಟಿಗೆ ತಾಗುತ್ತದೆ. ಅವನಿಗೆ ರೇಗಿಹೋಯಿತು. "ಇಷ್ಟಗಲ ಹಲಗೆ ಯಾವ ಪುಣ್ಯಾತ್ಮ ಕತ್ತರಿಸಿದ್ದು ಇಲ್ಲಿ?"

"ನಾನೇ" ಎಂದ ಅಳಿಯ. "ಹಳಿ ಎತ್ತರ ಇದೆ, ಅತ್ತೆ ಎಡವ್ಬಾರ್ದು ಅಂತ ಹಾಕಿದ್ದು. ವಾಕರ್ ಅಗಲಕ್ಕೆ ಅಳೆದು ಕತ್ತರಿಸ್ದೆ."

ಟೇಪಣ್ಣನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಪಟ್ಟಿ ಹಾಕಿದ ಮೇಲೆ ಬಾಗಿಲಲ್ಲಿ ಉಳಿದ ಜಾಗ ಅಳೆದ, ಐನೂರ ನಲವತ್ತು. ಗುರುವಾರ ತಾನು ಚೀಲ ನೇತುಹಾಕಿದ್ದ ವಾಕರಿನ ಹತ್ತಿರ ಹೋದ. ಅದರ ಕಾಲುಗಳ ನಡುವೆ ಟೇಪು ಎಳೆದು ಹಿಡಿದ. ಅವನು ಓದುವ ಮುಂಚೆಯೇ ಹಿಂದಿನಿಂದ ಮಾತು ಬಂತು.

"ಐನೂರ ಎಂಬತ್ತು" ಎಂದರು ಟೀಚರಮ್ಮ. "ನಲವತ್ತು ಕಮ್ಮಿ ಬೀಳುತ್ತೆ."

"ಚೆನ್ನಾಗಿದೆ!" ಎಂದು ಅಳಿಯ ಕೂಗಿದ. "ನಾಯಿಗೆ ದಾರಿ ಮಾಡೋಕೆ ಹೋಗಿ ಮನುಷ್ಯರ ದಾರಿ ಮುಚ್ಚಿಬಿಟ್ರಲ್ರೀ! ದಿನಾ ಹಿತ್ತಲಲ್ಲಿ ಹತ್ತು ಸುತ್ತು ನಡೀಬೇಕು ಅಂತ ಡಾಕ್ಟರ್ ಹೇಳಿದಾರೆ. ಮುಂದೆ ಮೆಟ್ಟಿಲಿದೆ, ಅಲ್ಲಿಂದ ಆಗಲ್ಲ. ಈ ಬಾಗಿಲು ಬಿಟ್ರೆ ಅವ್ರಿಗೆ ಆಕಾಶಾನೇ ಇಲ್ಲ. ಅವತ್ತು ಬೆಳಗ್ಗೆ ಇದೇ ಜಾಗದಲ್ಲಿ ಬಿದ್ದಿದ್ದೋರ್ನ ಎತ್ತಿದ್ದು ನಾನು. ಅವರು ಕಿರುಚಿದ್ದು ನನ್ನ ಕಿವೀಲಿ ಇನ್ನೂ ಇದೆ. ನಿಮಗೇನ್ರೀ ಗೊತ್ತು?"

ಟೇಪಣ್ಣನನ್ನು ಸುಟ್ಟದ್ದು ಬೈಗುಳವಲ್ಲ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದು ಸುಟ್ಟಿತು. ಮೂರು ದಿನದಿಂದ ಯಾರನ್ನು ತಿಳಿಗೇಡಿ ಎಂದು ಮನಸ್ಸಿನಲ್ಲಿ ಜರೆಯುತ್ತಿದ್ದನೋ ಅವನು ಸರಿಯಾಗಿ ಅಳೆದಿದ್ದ. ಮನುಷ್ಯರನ್ನು ಅಳೆದು ಹಲಗೆ ಕತ್ತರಿಸಿದ್ದ. ಮೂವತ್ತೈದು ವರ್ಷದ ಕೈಯಾದರೋ ಆ ಹಲಗೆಯನ್ನು ಕಿತ್ತು ಗೋಡೆಗೆ ಒರಗಿಸಿತ್ತು, ವಾಕರನ್ನು ಗೂಟ ಮಾಡಿಕೊಂಡಿತ್ತು.

"ಟೀಚರ್, ನಿಮಗೆ ಹೇಗೆ ಗೊತ್ತು?" ಎಂದು ಕೇಳಿದ.

ಟೀಚರಮ್ಮ ಕನ್ನಡಕದ ಡಬ್ಬಿ ತೆರೆದು ಮಡಿಸಿದ ಒಂದು ಚೀಟಿ ಕೊಟ್ಟರು. ಮೇಲೆ ಗುರುವಾರದ ತಾರೀಖು. ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಂಕಿಗಳು. ಎಂಟುನೂರ ಇಪ್ಪತ್ತರಲ್ಲಿ ಇನ್ನೂರ ಎಂಬತ್ತು ಕಳೆದಿದ್ದರು, ಕೆಳಗೆ ಗೆರೆ, ಐನೂರ ನಲವತ್ತು. ಪಕ್ಕದಲ್ಲಿ, ವಾಕರ್ ಐನೂರ ಎಂಬತ್ತು. ಕೊರತೆ ನಲವತ್ತು. ಅದರ ಕೆಳಗೆ ಎರಡು ಗೆರೆ ಎಳೆದು ಲೆಕ್ಕ ಮುಗಿಸಿದ್ದರು.

ಗುಡಾಣನ ಕೊರಳನ್ನು ಯಾರೂ ಅಳೆದಿರಲಿಲ್ಲ.

"ಹೇಳಿದ್ರೆ ನೀನು ಹಾಕ್ತಿರ್ಲಿಲ್ಲ" ಎಂದರು. "ಇದು ಬಿಟ್ರೆ ಭಾನುವಾರದೊಳಗೆ ಆಗೋ ಕೆಲಸ ಬೇರೆ ಇಲ್ಲ ಅಂತ ನೀನೇ ಹೇಳ್ದೆ. ಹೋಗ್ಲಿ ಬಿಡೋ. ನಾನು ಎಪ್ಪತ್ತೊಂದು ವರ್ಷ ಓಡಾಡಿದೀನಿ. ಒಳಗೇ ಹತ್ತು ಸುತ್ತು ಹಾಕ್ತೀನಿ. ಅದು ಹೊರಗೆ ಹೋಗಿ ಬರ್ಲಿ, ನಾನು ನೋಡ್ತಾ ಕೂತಿರ್ತೀನಿ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

ಟೇಪಣ್ಣನಿಗೆ ಬಂದ ಸಿಟ್ಟು ಇಷ್ಟು ವರ್ಷದ ಸಿಟ್ಟನ್ನೆಲ್ಲ ಮೀರಿಸಿತು. ಜೀವಮಾನದಲ್ಲಿ ಮೊದಲ ಸಲ ಟೀಚರ ಮೇಲೆ ದನಿಯೆತ್ತಿದ. "ಹುಡುಗ ಲೆಕ್ಕ ತಪ್ಪು ಮಾಡಿದಾನೆ ಅಂತ ಗೊತ್ತಿದ್ದೂ ಸುಮ್ನೆ ಕೂತಿದ್ರಲ್ಲ, ನೀವೆಂಥ ಟೀಚರು? ಅವತ್ತು ನಾಲ್ಕು ಮಿಲಿಮೀಟರಿಗೆ ತಲೆ ಮೇಲೆ ಮೊಟಕಿದ್ರಿ. ಇವತ್ತು ನಲವತ್ತು! ಯಾಕೆ ಮೊಟಕ್ಲಿಲ್ಲ? ನನ್ನ ತಪ್ಪಿಗೆ ನೀವು ಮನೆಯೊಳಗೆ ಬೀಗ ಹಾಕ್ಕೊಂಡು ಕೂರ್ಬೇಕಾ? ನಾನು ಒಪ್ಪಲ್ಲ. ಒಪ್ಪಲ್ಲ ಅಂದ್ರೆ ಒಪ್ಪಲ್ಲ!" ಕೈಯಲ್ಲಿದ್ದ ಚೀಟಿಯನ್ನು ಮತ್ತೊಮ್ಮೆ ನೋಡಿದ. "ಅಂಚಿನಿಂದ ಅಳೆದುಬಿಟ್ಟೆ ಟೀಚರ್. ಸೊನ್ನೆ ಎಲ್ಲಿದೆ ಅಂತ ನೋಡ್ಲೇ ಇಲ್ಲ."

ಟೀಚರಮ್ಮ ಕನ್ನಡಕದ ಡಬ್ಬಿ ಮುಚ್ಚಿದರು. "ಗೊತ್ತಾಯ್ತಲ್ಲ" ಎಂದರು. "ಕೂತ್ಕೋ."

ಅವನು ಕೂರಲಿಲ್ಲ. ಎಡಗಡೆಯ ಕದಲದ ಗಾಜನ್ನು ನೋಡುತ್ತಾ ನಿಂತ. ಟೇಪಣ್ಣನ ಕಸುಬಿನಲ್ಲಿ ಅವನು ಎಂದೂ ಮಾಡದಿದ್ದ ಒಂದು ಕೆಲಸ ಇತ್ತು. ಗಾಜು ಇರಬೇಕಾದ ಜಾಗದಲ್ಲಿ ಪ್ಲೈವುಡ್ ಹಾಕುವುದು. ಅದನ್ನು ಮಾಡುವವರು ಗಾಜಿನವರೇ ಅಲ್ಲ, ಗೂಡಂಗಡಿಯವರು ಎಂದು ಮೂವತ್ತೈದು ವರ್ಷ ಊರೆಲ್ಲ ಹೇಳಿಕೊಂಡು ಬಂದಿದ್ದ. ಮೊನ್ನೆ ಇದೊಂದೇ ದಾರಿ ಎಂದು ಹೇಳಿದಾಗಲೂ ಆ ಇನ್ನೊಂದು ದಾರಿ ಅವನ ಬಾಯಿಗೆ ಬಂದಿರಲಿಲ್ಲ, ಅಹಂಕಾರ ಅಡ್ಡ ಕೂತಿತ್ತು.

"ಆ ಪಟ್ಟೀನೂ ಕೀಳ್ತೀನಿ, ಈ ಗಾಜೂ ತೆಗೀತೀನಿ" ಎಂದ. "ಇವತ್ತಿಗೆ ಇಲ್ಲಿ ಪ್ಲೈವುಡ್ ಹಾಕಿ ಅದರಲ್ಲಿ ನಾಯಿಗೆ ಕಿಂಡಿ ಮಾಡ್ತೀನಿ. ಓಡಾಡೋ ಬಾಗಿಲು ಮೊದಲಿದ್ದ ಹಾಗೇ ಪೂರ್ತಿ ತೆಗೆಯುತ್ತೆ. ಕಿಂಡಿ ಸಮೇತ ಹೊಸ ಗಾಜಿಗೆ ಕುಲುಮೆಗೆ ಬರೆದು ಹಾಕ್ತೀನಿ, ಹತ್ತು ಹನ್ನೆರಡು ದಿನಕ್ಕೆ ಬರುತ್ತೆ. ತಪ್ಪು ನಂದು, ಗಾಜೂ ನಂದೇ. ಸ್ವಾಮಿ, ಆ ಕಡೆ ಹಿಡೀರಿ, ಒಬ್ನಿಂದ ಎತ್ತೋಕಾಗಲ್ಲ."

"ನಾನಾ?" ಎಂದ ಅಳಿಯ.

"ಮತ್ತೆ ನಾಯಿನಾ?"

ರಬ್ಬರಿನ ಪಟ್ಟಿ ಕಿತ್ತು, ಗಾಜಿಗೆ ಹೀರಿ ಹಿಡಿಯುವ ಹಿಡಿಗಳನ್ನು ಒತ್ತಿ, ಇಬ್ಬರೂ ಎತ್ತಿದರು. "ಮೂಲೆ ಎಲ್ಲೂ ತಾಗ್ಬಾರ್ದು. ತಾಗಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತಿದೆ." ಅಳಿಯನಿಗೆ ಗೊತ್ತಿತ್ತು. ಹಾಲಿನಿಂದ ಗಾಡಿಯವರೆಗೆ ಅವನು ಉಸಿರು ಬಿಟ್ಟದ್ದು ಯಾರಿಗೂ ಕೇಳಲಿಲ್ಲ. ಗಾಜನ್ನು ಗಾಡಿಯಲ್ಲಿ ಕಂಬಳಿಯ ಮೇಲೆ ಇಟ್ಟ ಮೇಲೆ ತನ್ನ ಕೈಗಳನ್ನು ನೋಡಿಕೊಂಡ, ನುಣುಪಾದ ಅಂಗೈಯಲ್ಲಿ ಹಿಡಿಯ ಕೆಂಪು ಗುರುತು ಬಿದ್ದಿತ್ತು. "ಇದನ್ನ ದಿನಾ ಮಾಡ್ತೀರಾ?" ಎಂದು ಕೇಳಿದ. "ದಿನಾ" ಎಂದ ಟೇಪಣ್ಣ. ಅವರಿಬ್ಬರ ನಡುವೆ ಜಗಳವಿಲ್ಲದೆ ಮುಗಿದ ಮೊದಲ ಮಾತು ಅದು.

ಸಂಜೆಯ ಹೊತ್ತಿಗೆ ಪ್ಲೈವುಡ್ ಕೂತಿತು. ಹಾಲು ಅರ್ಧ ಕತ್ತಲಾಯಿತು, ನೋಡಲು ಅದು ಅಸಹ್ಯವಾಗಿತ್ತು, ಟೇಪಣ್ಣನೇ ಎರಡು ಸಲ ಹಾಗೆಂದ. ಹಲಗೆಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅಳಿಯನೇ ತಂದು ಹಳಿಯ ಮೇಲೆ ಇಟ್ಟ, ಸರಿಯಾಗಿ ಕೂತಿತು.

ಭಾನುವಾರ ಯಾರೂ ಕರೆಯದಿದ್ದರೂ ಟೇಪಣ್ಣ ಹೋದ. ತಿರುಪು ಬಿಗಿ ಮಾಡುವುದಿದೆ ಎಂದ. ಹತ್ತು ಗಂಟೆಗೆ ಗೋಡೌನಿನ ಗಾಡಿ ಬಂದು ಹಾರನ್ ಮಾಡಿತು. ಅಳಿಯ ಹೊರಗೆ ಹೋದ. ಟೇಪಣ್ಣ ತಿರುಪುಳಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕಿವಿಗೊಟ್ಟ. ಏನು ಮಾತಾಡಿದರೋ ಕೇಳಲಿಲ್ಲ, ಗಾಡಿ ಖಾಲಿಯಾಗಿ ಹಿಂದಕ್ಕೆ ಹೋದ ಸದ್ದು ಕೇಳಿಸಿತು. ಹಿತ್ತಲಲ್ಲಿ ಟೀಚರಮ್ಮ ವಾಕರ್ ಹಿಡಿದು ಆರನೇ ಸುತ್ತಿನಲ್ಲಿದ್ದರು. ಗುಡಾಣ ಎರಡು ಸುತ್ತಿಗೇ ಸುಸ್ತಾಗಿ ಬಿದ್ದುಕೊಂಡಿತ್ತು.

ಹೊಸ ಗಾಜು ಹದಿಮೂರನೇ ದಿನ ಬಂತು. ಒಂದು ದಿನ ತಡವಾಯಿತೆಂದು ಟೇಪಣ್ಣ ಕುಲುಮೆಯವನಿಗೆ ಫೋನಿನಲ್ಲಿ ಕಾಲು ಗಂಟೆ ಬೈದ. ಅದನ್ನು ಎತ್ತಿ ಕೂರಿಸುವಾಗ ಆ ಕಡೆಯ ತುದಿ ಹಿಡಿದವನು ಅಳಿಯನೇ, ಅದಕ್ಕೆಂದು ಆಫೀಸಿಗೆ ಅರ್ಧ ದಿನ ರಜ ಹಾಕಿದ್ದ.

ಟೇಪಣ್ಣನ ಅಂಗಡಿಯ ಮೇಜಿನ ಮೇಲೆ ದಪ್ಪ ಗಾಜು ಹಾಸಿದೆ. ಅದರ ಕೆಳಗೆ ಈಗ ಒಂದು ಚೀಟಿ ಇದೆ, ದುಂಡು ಅಂಕಿಗಳ ಒಂದು ಕಳೆಯುವ ಲೆಕ್ಕ, ಕೊನೆಗೆ ಎರಡು ಗೆರೆ. ಯಾರದು ಇದು, ಮಕ್ಕಳದ್ದಾ ಎಂದು ಗಿರಾಕಿಗಳು ಕೇಳುತ್ತಾರೆ. ಅವನಿಗೆ ಸಿಟ್ಟು ಬರುತ್ತದೆ.

"ಅದು ನಿಮಗ್ಯಾಕೆ?" ಎನ್ನುತ್ತಾನೆ. ಟೇಪನ್ನು ಇನ್ನೂ ಸೊಂಟದಿಂದ ತೆಗೆದಿರುವುದಿಲ್ಲ. "ಬಾಗಿಲಿನ ಅಳತೆ ಆಮೇಲೆ ಹೇಳಿ. ಆ ಬಾಗಿಲಲ್ಲಿ ಯಾರ್ಯಾರು ಓಡಾಡ್ತಾರೆ, ಮೊದಲು ಅದನ್ನ ಹೇಳಿ."